ಡ್ರಾಫ್ಟಿನ ಕೊನೆಯ ಪಿಕ್‌ಗಳನ್ನು ಏನು ಮಾಡಬೇಕು? ಕಪ್ ಮೇಲೆ ಕಣ್ಣಿಟ್ಟ ಎನ್‌ಬಿಎ ತಂಡಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಕೊನೆಯ ವಾರ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡ್ರಾಫ್ಟ್ ಮುಗಿದ ಮಾರನೇ ದಿನ ನನ್ನ ಫೋನಿಗೆ ಬರುವ ಮೆಸೇಜುಗಳು ವರ್ಷವರ್ಷವೂ ಹೆಚ್ಚುಕಡಿಮೆ ಒಂದೇ. "ನಮ್ಮ ಟೀಮು 28ನೇ ಪಿಕ್‌ನಲ್ಲಿ ಯಾವನನ್ನೋ ತಗೊಂಡಿದೆ, ಹೆಸರೇ ಕೇಳಿಲ್ಲ. ಅದರ ಬದಲು ಒಬ್ಬ ಪಳಗಿದ ಆಟಗಾರನನ್ನು ತರಬಾರದಿತ್ತಾ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿ ಎಲ್ಲವನ್ನೂ ಇಲ್ಲಿ ಒಟ್ಟು ಹಾಕಿದ್ದೇನೆ. ಸೋಲುತ್ತಲೇ ಇರುವ ತಂಡಗಳ ಕಥೆ ಬೇರೆ. ಇಲ್ಲಿರುವುದು ಗೆಲ್ಲುವ ತಂಡಗಳ ಮಾತು ಮಾತ್ರ.

ಡ್ರಾಫ್ಟ್ ಅಂದರೆ ಐಪಿಎಲ್ ಹರಾಜಿನ ಥರಾನೇ ತಾನೇ?

ಇಲ್ಲ. ಲೀಗಿಗೆ ಹೊಸದಾಗಿ ಬರುವ ಹುಡುಗರನ್ನು ತಂಡಗಳು ಆರಿಸುವುದೇ ಡ್ರಾಫ್ಟ್, ಒಂದೊಂದು ಆಯ್ಕೆಯೂ ಒಂದು ಪಿಕ್. ಇಲ್ಲಿ ಬೋಲಿ ಕೂಗುವುದಿಲ್ಲ, ಸರದಿ ಇರುತ್ತದೆ. ಹಿಂದಿನ ಸೀಸನ್‌ನಲ್ಲಿ ಪ್ಲೇಆಫ್ ತಲುಪದ 14 ತಂಡಗಳು ಲಾಟರಿ ಎತ್ತಿಸಿಕೊಂಡು ಮೊದಲು ಆರಿಸುತ್ತವೆ. ಆಮೇಲೆ ಉಳಿದವು, ಕಡಿಮೆ ಗೆದ್ದವರಿಂದ ಹೆಚ್ಚು ಗೆದ್ದವರ ಕಡೆಗೆ. 30 ತಂಡ, ಎರಡು ರೌಂಡು, ಒಟ್ಟು 60 ಪಿಕ್. ನಿಯಮ ಮುರಿದ ತಂಡ ಪಿಕ್ ಕಳೆದುಕೊಂಡ ವರ್ಷಗಳಲ್ಲಿ 58 ಅಥವಾ 59. ಮೊದಲ ರೌಂಡಿನ ಹುಡುಗನ ಸಂಬಳವೂ ಅವನ ನಂಬರಿಗೆ ಇಷ್ಟು ಅಂತ ಮೊದಲೇ ಗೊತ್ತಾಗಿರುತ್ತದೆ. ಹೆಚ್ಚು ಗೆದ್ದಷ್ಟೂ ಸಾಲಿನಲ್ಲಿ ಹಿಂದೆ. ಮದುವೆಮನೆಯ ಕೊನೇ ಪಂಕ್ತಿಗೆ ಕೂತ ಹಾಗೆ: ಹೋಳಿಗೆ ಮುಗಿದಿರುತ್ತದೆ, ಅನ್ನ ಸಾರು ಇರುತ್ತದೆ.

ಲೇಟ್ ಪಿಕ್ ಅಂದರೆ ಎಷ್ಟನೇ ನಂಬರಿನಿಂದ?

ಅದಕ್ಕೆ ನಿಯಮವೇನೂ ಇಲ್ಲ. 20ರಿಂದ 30ರವರೆಗಿನವು ಮತ್ತು ಇಡೀ ಎರಡನೇ ರೌಂಡು ಅಂತ ನಾನು ಇಟ್ಟುಕೊಂಡಿದ್ದೇನೆ.

ಅಷ್ಟು ಹಿಂದೆ ಸ್ಟಾರ್ ಸಿಗುತ್ತಾನಾ? ಯೋಕಿಚ್ 41ನೇ ಪಿಕ್ ಅಲ್ವಾ?

ಹೌದು, ನಿಕೋಲಾ ಯೋಕಿಚ್ 2014ರಲ್ಲಿ 41ನೆಯವನು. ಟಿವಿಯಲ್ಲಿ ಆಗ ಜಾಹೀರಾತು ಓಡುತ್ತಿದ್ದುದರಿಂದ ಅವನ ಹೆಸರು ಕೂಗಿದ್ದನ್ನು ಜನ ನೋಡಲೇ ಇಲ್ಲ. ಡ್ರೇಮಂಡ್ ಗ್ರೀನ್ 2012ರಲ್ಲಿ 35ನೆಯವನು. ಆದರೆ ಈ ಎರಡು ಹೆಸರು ಬಂದಾಗಲೆಲ್ಲ ನಾನು ಒಂದು ತಕರಾರು ತೆಗೆಯುತ್ತೇನೆ. ಯೋಕಿಚ್‌ನನ್ನು ಆರಿಸಿದ ಡೆನ್ವರ್ ಆಗ ಗೆಲ್ಲುವ ತಂಡವಾಗಿರಲಿಲ್ಲ, ಗ್ರೀನ್‌ನನ್ನು ಆರಿಸಿದ ಗೋಲ್ಡನ್ ಸ್ಟೇಟ್ ಅಂತೂ ಆ ಸೀಸನ್‌ನಲ್ಲಿ 23 ಪಂದ್ಯ ಗೆದ್ದು 43 ಸೋತಿತ್ತು. ಹುಡುಗ ತಪ್ಪು ಮಾಡಿ ಕಲಿಯಲು ಅಲ್ಲಿ ಜಾಗ ಇತ್ತು. ಕಪ್ ಮೇಲೆ ಕಣ್ಣಿಟ್ಟ ತಂಡದಲ್ಲಿ ಆ ಜಾಗವೇ ಇರುವುದಿಲ್ಲ.

ನಿಜವಾಗಿಯೂ ಗೆಲ್ಲುತ್ತಿದ್ದ ತಂಡಗಳಿಗೆ ಸಿಕ್ಕವರೂ ಇದ್ದಾರೆ. ಸ್ಯಾನ್ ಆಂಟೋನಿಯೊ 1999ರಲ್ಲಿ 57ನೇ ಪಿಕ್‌ನಲ್ಲಿ ಮಾನು ಜಿನೋಬಿಲಿಯನ್ನು, 2001ರಲ್ಲಿ 28ನೇ ಪಿಕ್‌ನಲ್ಲಿ 19 ವರ್ಷದ ಟೋನಿ ಪಾರ್ಕರ್‌ನನ್ನು ಹಿಡಿಯಿತು. ಇಬ್ಬರೂ ಅಲ್ಲೇ ನಾಲ್ಕು ನಾಲ್ಕು ಕಪ್ ಗೆದ್ದರು. 62 ಪಂದ್ಯ ಗೆದ್ದ ಶಿಕಾಗೊ 2011ರಲ್ಲಿ 30ನೇ ಪಿಕ್‌ನಲ್ಲಿ ಜಿಮ್ಮಿ ಬಟ್ಲರ್‌ನನ್ನು ಆರಿಸಿತು. 56 ಗೆದ್ದ ಟೊರಾಂಟೊ 2016ರಲ್ಲಿ 27ನೇ ಪಿಕ್‌ನಲ್ಲಿ ಪಾಸ್ಕಲ್ ಸಿಯಾಕಂನನ್ನು.

ಆದರೆ ಅದೇ ಸ್ಯಾನ್ ಆಂಟೋನಿಯೊ 2013ರಲ್ಲಿ 28ನೇ ಪಿಕ್‌ನಲ್ಲಿ ಲಿವಿಯೊ ಜಾನ್-ಶಾರ್ಲ್, 2015ರಲ್ಲಿ 26ನೇ ಪಿಕ್‌ನಲ್ಲಿ ನಿಕೋಲಾ ಮಿಲುಟಿನೋವ್ ಎನ್ನುವವರನ್ನೂ ತೆಗೆದುಕೊಂಡಿತ್ತು. ಇಬ್ಬರೂ ಆ ತಂಡಕ್ಕೆ ಒಂದೇ ಒಂದು ಲೀಗ್ ಪಂದ್ಯ ಆಡಲಿಲ್ಲ. ಲೀಗಿನಲ್ಲೇ ಜಾಣ ಆಫೀಸು (ಆಟಗಾರರನ್ನು ಆರಿಸುವ ಆಡಳಿತ) ಅನ್ನಿಸಿಕೊಂಡವರ ಲೆಕ್ಕವೇ ಹೀಗೆ.

ಹಾಗಾದರೆ ಆ ಪಿಕ್‌ನಲ್ಲಿ ಯಾರನ್ನು ಹುಡುಕಬೇಕು?

ಎಂಟನೇ ಆಟಗಾರನನ್ನು, ಅಂದರೆ ಅಂಕಣಕ್ಕೆ ಇಳಿಯುವ ಮೊದಲ ಐವರ ನಂತರ ಬೆಂಚಿನಿಂದ ಬರುವವರಲ್ಲಿ ಒಬ್ಬನನ್ನು. ನನ್ನ ಇಡೀ ವಾದ ಇಷ್ಟೇ.

ಇಂಥ ತಂಡದಲ್ಲಿ ಚೆಂಡು ಹಿಡಿದು ಆಟ ಕಟ್ಟುವವರು ಇಬ್ಬರು ಮೂವರು ಆಗಲೇ ಇರುತ್ತಾರೆ. ಅವರ ಪಕ್ಕದಲ್ಲಿ ನಿಂತು, ಚೆಂಡು ಕೈಯಲ್ಲಿ ಇಲ್ಲದಾಗಲೂ ಉಪಯೋಗಕ್ಕೆ ಬರುವವನು ಬೇಕು. ಮೂಲೆಯಲ್ಲಿ ನಿಂತು ತ್ರೀ (ದೂರದ ಮೂರು ಪಾಯಿಂಟಿನ ಎಸೆತ) ಹಾಕುವುದೋ, ಎದುರಾಳಿಯ ಮುಖ್ಯ ಆಟಗಾರನಿಗೆ ಅಂಟಿಕೊಳ್ಳುವುದೋ, ರೀಬೌಂಡಿಗೆ (ಬುಟ್ಟಿ ತಪ್ಪಿ ಪುಟಿದ ಚೆಂಡಿಗೆ) ನುಗ್ಗುವುದೋ, ಒಂದು ಕೆಲಸ ನೀಟಾಗಿ ಬಂದರೆ ಸಾಕು. ಜೊತೆಗೆ ಪ್ಲೇಆಫ್‌ನಲ್ಲಿ ಎದುರಾಳಿ ಕೋಚ್ ಬೆರಳು ತೋರಿಸಿ "ಇವನ ಮೇಲೆ ದಾಳಿ ಮಾಡಿ" ಅನ್ನುವಂಥ ದೊಡ್ಡ ಹುಳುಕು ಇರಬಾರದು. ಈ ಎರಡನೆಯದನ್ನೇ ಜನ ಮರೆಯುವುದು. ಲೀಗ್ ಪಂದ್ಯಗಳಲ್ಲಿ ಹತ್ತು ಪಾಯಿಂಟ್ ಹೊಡೆಯುವ ಹುಡುಗ ಡಿಫೆನ್ಸ್ ಬಾರದಿದ್ದರೆ ಪ್ಲೇಆಫ್ ನಡೆಯುವ ಮೇ ತಿಂಗಳಲ್ಲಿ ಬೆಂಚಿನ ಮೇಲೆ ಟವೆಲ್ ಬೀಸುತ್ತಾ ಕೂತಿರುತ್ತಾನೆ.

ಕ್ರಿಶ್ಚಿಯನ್ ಬ್ರೌನ್‌ನನ್ನು ನೋಡಿ. ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ಆಡಿ, 2022ರಲ್ಲಿ ಕಾಲೇಜು ಚಾಂಪಿಯನ್ ಆಗಿ, 21ನೇ ಪಿಕ್ ಆಗಿ ಡೆನ್ವರ್‌ಗೆ ಬಂದ. ಮೊದಲ ವರ್ಷವೇ ತಂಡ ಫೈನಲ್ಸ್ ಸರಣಿ ತಲುಪಿತು. ಮಯಾಮಿಯಲ್ಲಿ ಮೂರನೇ ಪಂದ್ಯ. ಎದುರಾಳಿಗಳ ಕಣ್ಣೆಲ್ಲ ಯೋಕಿಚ್ ಮತ್ತು ಜಮಾಲ್ ಮರ್ರೆ ಮೇಲೆ. ಈ ಹುಡುಗ ಅವರ ಬೆನ್ನ ಹಿಂದಿನಿಂದ ಬುಟ್ಟಿಯ ಕಡೆ ಓಡುತ್ತಲೇ ಇದ್ದ. ಎಂಟು ಶಾಟ್ ತೆಗೆದುಕೊಂಡು ಏಳು ಹಾಕಿದ, 15 ಪಾಯಿಂಟ್. ಅವನಿಗಾಗಿ ಅಂತ ಹೆಣೆದ ಆಟ ಹೆಚ್ಚುಕಡಿಮೆ ಇರಲೇ ಇಲ್ಲ, ಓಡಿದ್ದಕ್ಕೆ ಸಿಕ್ಕಿದ್ದು ಅಷ್ಟು.

ಇನ್ನೊಬ್ಬ ಬಾಸ್ಟನ್‌ನ ಪೇಟನ್ ಪ್ರಿಚರ್ಡ್. 2020ರ 26ನೇ ಪಿಕ್, ಆರಡಿ ಒಂದಿಂಚಿನ ಆಸಾಮಿ, ಓರೆಗನ್‌ನಲ್ಲಿ ನಾಲ್ಕು ವರ್ಷ ಆಡಿದವನು. 2024ರ ಫೈನಲ್ಸ್‌ನ ಐದನೇ ಪಂದ್ಯದಲ್ಲಿ ಮೊದಲರ್ಧ ಮುಗಿಯಲು ಕೆಲವೇ ಸೆಕೆಂಡು ಇರುವಾಗ ಕೋಚ್ ಅವನನ್ನು ಬೆಂಚಿನಿಂದ ಎಬ್ಬಿಸಿ ಕಳಿಸಿದರು. ಚೆಂಡು ಕೈಗೆ ಬಂತು, ಅರ್ಧ ಅಂಕಣದ ಗೆರೆಯ ಹತ್ತಿರದಿಂದ ಎಸೆದ, ಬಿತ್ತು. ಇಂಥ ಎಸೆತ ತಪ್ಪಿದರೆ ತಮ್ಮ ಸರಾಸರಿ ಕೆಡುತ್ತದೆ ಅಂತ ಆಗೆಲ್ಲ ಎಷ್ಟೋ ಆಟಗಾರರು ಬೇಕಂತಲೇ ಅರ್ಧ ಸೆಕೆಂಡು ತಡ ಮಾಡಿ ಎಸೆಯುತ್ತಿದ್ದರು. ಇವನು ಹಾಗೆ ಮಾಡುವವನಲ್ಲ. ಅದೇ ಸರಣಿಯ ಎರಡನೇ ಪಂದ್ಯದಲ್ಲೂ ಮೂರನೇ ಕ್ವಾರ್ಟರ್ ಮುಗಿಯುವಾಗ ಹೀಗೇ ದೂರದಿಂದ ಹಾಕಿದ್ದ. ಮುಂದಿನ ಸೀಸನ್‌ಗೆ ಲೀಗಿನ ಅತ್ಯುತ್ತಮ ಬೆಂಚ್ ಆಟಗಾರನ ಪ್ರಶಸ್ತಿ ಅವನಿಗೇ ಬಂತು.

ಪಳಗಿದ 22ರವನೋ, ಹೊಳೆಯುವ 19ರವನೋ?

ನನ್ನ ಓಟು 22ರವನಿಗೆ. ಡೆರಿಕ್ ವೈಟ್, ಜಾರ್ಜ್ ಹಿಲ್ (ಈ ಇಬ್ಬರ ಕಥೆ ಮುಂದೆ ಬರುತ್ತದೆ), ಬ್ರೌನ್, ಪ್ರಿಚರ್ಡ್, ಬಟ್ಲರ್, ಇವರೆಲ್ಲ ಕಾಲೇಜಿನಲ್ಲಿ ಕನಿಷ್ಠ ಮೂರು ವರ್ಷ ಬೆವರು ಸುರಿಸಿ ಬಂದವರು. ಮೊದಲ ರೌಂಡಿನ ಒಪ್ಪಂದದಲ್ಲಿ ಎರಡು ವರ್ಷ ಖಾತ್ರಿ, ಇನ್ನೆರಡು ವರ್ಷ ತಂಡದ ಇಚ್ಛೆ, ಒಟ್ಟು ನಾಲ್ಕೇ ವರ್ಷ ಅಗ್ಗದ ಸಂಬಳ. 19ರ ಹುಡುಗ ಹದಕ್ಕೆ ಬರುವಷ್ಟರಲ್ಲಿ ಆ ನಾಲ್ಕು ವರ್ಷ ಮುಗಿದು, ಕಾಯಿಯಾಗುವ ತನಕ ನೀರು ಹೊಯ್ದದ್ದು ನೀವು, ಹಣ್ಣು ಇನ್ನೊಬ್ಬರ ಪಾಲು.

ಆದರೆ ಇದನ್ನು ಮಂತ್ರ ಮಾಡಿಕೊಳ್ಳಬೇಡಿ. ಕೆವನ್ ಲೂನಿ ಒಂದೇ ವರ್ಷ ಕಾಲೇಜು ಆಡಿ, ಸೊಂಟದ ಸಮಸ್ಯೆ ಹೊತ್ತು 2015ರಲ್ಲಿ 30ನೆಯವನಾಗಿ ಗೋಲ್ಡನ್ ಸ್ಟೇಟ್‌ಗೆ ಬಂದ. ಎಲ್ಲರೂ ಹೆದರಿ ಬಿಟ್ಟಿದ್ದರು. ಅವನು ಮೂರು ಕಪ್ ಗೆದ್ದ. ಒಳ್ಳೆಯ ಡಾಕ್ಟರು, ತಾಳ್ಮೆ ಎರಡೂ ಇರುವ ತಂಡಕ್ಕೆ ಗಾಯಾಳು ಅಂತ ಜಾರಿಬಂದ ಹುಡುಗ ಒಳ್ಳೆ ಪಣ.

ಒಬ್ಬ ಎಂಟನೇ ಆಟಗಾರನಿಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ? ದುಡ್ಡು ಕೊಟ್ಟರೆ ಸಿಗಲ್ವಾ?

ಮೊದಲು ಸಿಗುತ್ತಿದ್ದ. 2023ರ ಹೊಸ ವೇತನ ಒಪ್ಪಂದ ಬಂದಮೇಲೆ ಕಷ್ಟ.

2024-25ರ ಲೆಕ್ಕ ತೆಗೆದುಕೊಳ್ಳಿ. ಸಂಬಳದ ಸಾಮಾನ್ಯ ಮಿತಿ ಸುಮಾರು 14.06 ಕೋಟಿ ಡಾಲರ್. ಅದರ ಮೇಲೆ ಐಷಾರಾಮಿ ತೆರಿಗೆಯ ಗೆರೆ, ಅದರ ಮೇಲೆ ಫಸ್ಟ್ ಏಪ್ರನ್ ಅನ್ನುವ ಇನ್ನೊಂದು ಗೆರೆ, ಎಲ್ಲಕ್ಕೂ ಮೇಲೆ ಸುಮಾರು 18.89 ಕೋಟಿಯ ಸೆಕೆಂಡ್ ಏಪ್ರನ್. ಮೂವರು ಸ್ಟಾರ್‌ಗಳಿಗೆ ಸಂಬಳ ಕೊಡುವ ತಂಡ ಈ ಕೊನೇ ಗೆರೆ ದಾಟುವುದು ಸುಲಭ. ದಾಟಿತೋ, ಕೈಕಾಲು ಕಟ್ಟಿದ ಹಾಗೆ. ಹೊರಗಿನಿಂದ ಬರುವವನಿಗೆ ಕನಿಷ್ಠ ಸಂಬಳಕ್ಕಿಂತ ಹೆಚ್ಚು ಕೊಡುವಂತಿಲ್ಲ. ಇಬ್ಬರು ಆಟಗಾರರ ಸಂಬಳ ಸೇರಿಸಿ ಒಬ್ಬ ದೊಡ್ಡವನನ್ನು ತರುವಂತಿಲ್ಲ. ಟ್ರೇಡಿನಲ್ಲಿ, ಅಂದರೆ ತಂಡಗಳು ಆಟಗಾರರನ್ನೋ ಪಿಕ್‌ಗಳನ್ನೋ ಅದಲುಬದಲು ಮಾಡಿಕೊಳ್ಳುವಾಗ, ನಗದು ಕೊಡುವಂತಿಲ್ಲ. ಏಳು ವರ್ಷ ಆಚೆಗಿನ ಮೊದಲ ರೌಂಡ್ ಪಿಕ್ ಮುಟ್ಟುವಂತಿಲ್ಲ. ಇದರ ಮೇಲೆ ತೆರಿಗೆ ಬೇರೆ; ಗೆರೆಯಿಂದ ದೂರ ಹೋದಷ್ಟೂ ಒಂದು ಡಾಲರ್ ಸಂಬಳಕ್ಕೆ ಮೂರು ನಾಲ್ಕು ಡಾಲರ್ ದಂಡ.

ಅದೇ ವರ್ಷ 30ನೇ ಪಿಕ್ ಆದವನ ಸಂಬಳ ಸುಮಾರು 25 ಲಕ್ಷ ಡಾಲರ್. ಕನಿಷ್ಠ ಸಂಬಳಕ್ಕೆ ಬರುವ ಹಳಬ ಲೆಕ್ಕದಲ್ಲಿ ತೋರುವುದು ಸುಮಾರು 21 ಲಕ್ಷ. ಹೆಚ್ಚುಕಡಿಮೆ ಸಮ. ಆದರೆ ಹಳಬ ಸಾಮಾನ್ಯವಾಗಿ ಒಂದು ವರ್ಷಕ್ಕೆ ಬರುತ್ತಾನೆ, ಚೆನ್ನಾಗಿ ಆಡಿದರೆ ಮುಂದಿನ ಬೇಸಿಗೆಯಲ್ಲಿ ಹಾರಿಹೋಗುತ್ತಾನೆ. ಹುಡುಗ ನಾಲ್ಕು ವರ್ಷ ನಿಮ್ಮ ಕೈಯಲ್ಲೇ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಮಾತು ಈ ಏಪ್ರನ್ ಕಾಲದಲ್ಲಿ ಸುಳ್ಳಾಗಿದೆ, ಹಿತ್ತಲಲ್ಲಿ ಬೆಳೆದದ್ದೇ ಮದ್ದು.

ಪಿಕ್ ಮಾರಿ ದುಡ್ಡು ಮಾಡಿಕೊಂಡರೆ ಏನು ತಪ್ಪು?

ಫೀನಿಕ್ಸ್ ಅಭಿಮಾನಿಗಳು ಎದುರಿಗಿದ್ದರೆ ಈ ಪ್ರಶ್ನೆ ಕೇಳಬೇಡಿ.

ಸ್ಟೀವ್ ನ್ಯಾಶ್ 2005, 2006ರಲ್ಲಿ ಸತತವಾಗಿ ಎಂವಿಪಿ (ಲೀಗಿನ ಅತ್ಯುತ್ತಮ ಆಟಗಾರ) ಆದ ಕಾಲ. ಕೋಚ್ ಮೈಕ್ ಡಾಂಟೋನಿ. ಅಂಥ ಚಂದದ ಆಟವನ್ನು ಲೀಗು ಅದುವರೆಗೆ ಹೆಚ್ಚು ನೋಡಿರಲಿಲ್ಲ. ಅದೇ ಹೊತ್ತಿಗೆ ಆಫೀಸಿನಲ್ಲಿ ಏನಾಗುತ್ತಿತ್ತು ನೋಡಿ. 2005ರ 21ನೇ ಪಿಕ್ ನೇಟ್ ರಾಬಿನ್ಸನ್ ಮತ್ತು ಕ್ವೆಂಟಿನ್ ರಿಚರ್ಡ್‌ಸನ್ ಇಬ್ಬರನ್ನೂ ನ್ಯೂಯಾರ್ಕಿಗೆ ಕೊಟ್ಟು ಕರ್ಟ್ ಥಾಮಸ್‌ನನ್ನು ತಂದರು. 2006ರಲ್ಲಿ 21ನೇ ಪಿಕ್ ರೇಜಾನ್ ರಾಂಡೋನನ್ನು ಬಾಸ್ಟನ್‌ಗೆ ಬಿಟ್ಟುಕೊಟ್ಟು ಮುಂದಿನ ವರ್ಷದ ಒಂದು ಪಿಕ್ ತಗೊಂಡರು. ಅದೇ ರಾತ್ರಿ 27ನೇ ಪಿಕ್ ಸರ್ಜಿಯೊ ರೋಡ್ರಿಗೆಜ್ ನಗದಿಗೆ ಪೋರ್ಟ್‌ಲ್ಯಾಂಡ್‌ಗೆ. ರಾಂಡೋ ಬದಲಿಗೆ ಸಿಕ್ಕ ಪಿಕ್ 2007ರಲ್ಲಿ 24ನೆಯದಾಗಿ ಬಂತು. ಅದರಲ್ಲಿ ರೂಡಿ ಫರ್ನಾಂಡಿಸ್‌ನನ್ನು ಆರಿಸಿ, ಅವನನ್ನೂ ನಗದಿಗೆ ಪೋರ್ಟ್‌ಲ್ಯಾಂಡ್‌ಗೇ ಮಾರಿದರು. ಮಜ್ಜಿಗೆ ಮಾರಿ ಮಡಕೆ ತಂದು, ಆ ಮಡಕೆಯನ್ನೂ ಮಾರಿದ ಲೆಕ್ಕ.

ಇನ್ನೂ ಮುಗಿದಿಲ್ಲ. 2005ರಲ್ಲಿ ತಂದಿದ್ದ ಆ ಕರ್ಟ್ ಥಾಮಸ್ ಸಂಬಳ 2007ರ ಹೊತ್ತಿಗೆ ಭಾರವಾಯಿತು. ಅವನನ್ನು ಹೊರಗೆ ಕಳಿಸಲು ಸಿಯಾಟಲ್‌ಗೆ ಎರಡು ಮೊದಲ ರೌಂಡ್ ಪಿಕ್ ಕೈಬೀಸಿ ಕೊಟ್ಟರು. ಅದರಲ್ಲೊಂದು 2008ರ 24ನೇ ಪಿಕ್ ಆಯಿತು, ಆ ಪಿಕ್ ಮುಂದೆ ದೊಡ್ಡ ಹೆಸರು ಮಾಡಿದ ಸರ್ಜ್ ಇಬಾಕಾ ಆದ.

ರಾಂಡೋ 2008ರಲ್ಲಿ ಬಾಸ್ಟನ್ ಜೊತೆ ಕಪ್ ಎತ್ತಿದ. ನ್ಯಾಶ್ ಒಮ್ಮೆಯೂ ಫೈನಲ್ಸ್ ಆಡದೆ ನಿವೃತ್ತನಾದ. ರಾಂಡೋ ಇದ್ದಿದ್ದರೆ ಕಪ್ ಬರುತ್ತಿತ್ತು ಅಂತ ನಾನೇನೂ ಹೇಳುವುದಿಲ್ಲ. ಡಾಂಟೋನಿ ಏಳೆಂಟು ಜನರ ಮೇಲೆ ಯಾರನ್ನೂ ಆಡಿಸುತ್ತಿರಲಿಲ್ಲ, ದೂರದಿಂದ ಶಾಟ್ ಬಾರದ ರಾಂಡೋನನ್ನು ಬೆಂಚಿನಲ್ಲೇ ಒಣಗಿಸುತ್ತಿದ್ದರೇನೋ. ಆದರೆ ನ್ಯಾಶ್‌ಗೆ ಉಸಿರು ತಗೊಳ್ಳಲು ಪಂದ್ಯಕ್ಕೆ ಹತ್ತು ನಿಮಿಷ ಕೊಡುವವನು ಆ ತಂಡದಲ್ಲಿ ಬೇಕಿತ್ತು ಅನ್ನುವುದನ್ನು ಆಗಿನ ಪಂದ್ಯ ನೋಡಿದ ಯಾರನ್ನಾದರೂ ಕೇಳಿ.

ಡೆನ್ವರ್‌ನದೂ ಒಂದು ಕಥೆ ಇದೆ. 57 ಪಂದ್ಯ ಗೆದ್ದ ಆ ತಂಡ 2013ರಲ್ಲಿ 27ನೇ ಪಿಕ್ ರೂಡಿ ಗೊಬೇರ್‌ನನ್ನು ಯೂಟಾಗೆ ಕೊಟ್ಟು 46ನೇ ಪಿಕ್ ಮತ್ತು ನಗದು ಪಡೆಯಿತು. ಗೊಬೇರ್ ನಾಲ್ಕು ಸಲ ಲೀಗಿನ ಅತ್ಯುತ್ತಮ ಡಿಫೆಂಡರ್ ಆದ. ಅವತ್ತು ಡೆನ್ವರ್ ಆಫೀಸಿನ ಕುರ್ಚಿಯಲ್ಲಿ ಹೊಸದಾಗಿ ಕೂತಿದ್ದವರು ಟಿಮ್ ಕಾನೆಲಿ. ಒಂಬತ್ತು ವರ್ಷದ ನಂತರ ಮಿನೆಸೋಟದ ಅಧ್ಯಕ್ಷರಾಗಿ ಅದೇ ಕಾನೆಲಿ ಅದೇ ಗೊಬೇರ್‌ನನ್ನು ಯೂಟಾದಿಂದ ತಂದರು. ಕೊಟ್ಟ ಬೆಲೆ ಐದು ಆಟಗಾರರು, ನಾಲ್ಕು ಮೊದಲ ರೌಂಡ್ ಪಿಕ್, ಮೇಲೊಂದು ಪಿಕ್ ಅದಲುಬದಲು. ಆ ಐವರಲ್ಲಿ ಆಗಷ್ಟೇ 22ನೇ ಪಿಕ್ ಆಗಿ ಬಂದಿದ್ದ ವಾಕರ್ ಕೆಸ್ಲರ್ ಕೂಡ ಒಬ್ಬ, ಆ ವರ್ಷದ ಹೊಸಬರ ಮೊದಲ ಐದರಲ್ಲಿ ಅವನ ಹೆಸರಿತ್ತು.

ಸರಿ, ನಗದಿಗೆ ಬೇಡ. ಆಟಗಾರನಿಗೆ ಬದಲಾಗಿ ಕೊಡಬಹುದಲ್ಲ?

ಧಾರಾಳವಾಗಿ, ಬರುವವನು ಸರಿಯಾದವನಾದರೆ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಅಂತಾರಲ್ಲ.

2022ರ ಫೆಬ್ರವರಿಯಲ್ಲಿ ಬಾಸ್ಟನ್ ಇಬ್ಬರು ಆಟಗಾರರು, ಆ ವರ್ಷದ ಮೊದಲ ರೌಂಡ್ ಪಿಕ್, 2028ರಲ್ಲಿ ಪಿಕ್ ಬದಲಿಸಿಕೊಳ್ಳುವ ಹಕ್ಕು ಇಷ್ಟು ಕೊಟ್ಟು ಸ್ಯಾನ್ ಆಂಟೋನಿಯೊದಿಂದ ಡೆರಿಕ್ ವೈಟ್‌ನನ್ನು ತಂದಿತು. ಕೊಟ್ಟ ಪಿಕ್ 25ನೆಯದಾಗಿ ಬಂತು. ಬಂದ ವೈಟ್ ತಾನೇ 2017ರ 29ನೇ ಪಿಕ್! ಬಾಸ್ಟನ್ ತನ್ನ ಲೇಟ್ ಪಿಕ್ ಕೊಟ್ಟು, ಇನ್ನೊಬ್ಬರು ನಾಲ್ಕೂವರೆ ವರ್ಷ ಪಳಗಿಸಿದ ಲೇಟ್ ಪಿಕ್ ಅನ್ನು ಕೊಂಡಂತಾಯಿತು. 2023ರ ಪ್ಲೇಆಫ್‌ನಲ್ಲಿ ಮಯಾಮಿ ವಿರುದ್ಧ ಆರನೇ ಪಂದ್ಯದ ಕೊನೆಯ ಗಳಿಗೆ ನೆನಪಿರಬೇಕು. ಬಾಸ್ಟನ್‌ನ ಮಾರ್ಕಸ್ ಸ್ಮಾರ್ಟ್ ಹೊಡೆದ ತ್ರೀ ರಿಮ್‌ಗೆ ಬಡಿದು ಹೊರಬಂತು, ಚೆಂಡು ಒಳಗೆ ಎಸೆದುಕೊಟ್ಟ ವೈಟ್ ಅಲ್ಲೇ ನಿಲ್ಲದೆ ಓಡಿಬಂದು ಅದನ್ನು ಹಿಡಿದು ಒಳಗೆ ತಳ್ಳಿದ. ಗಡಿಯಾರದಲ್ಲಿ 0.1 ಸೆಕೆಂಡು, ಬಾಸ್ಟನ್‌ಗೆ 104-103. ಮುಂದಿನ ವರ್ಷ ಅವನೂ ಕಪ್ ಎತ್ತಿದ.

ಇನ್ನೊಂದು ದಾರಿ, ಹುಡುಗನನ್ನು ಮೊದಲು ನೀವೇ ಬೆಳೆಸಿ ಆಮೇಲೆ ಬದಲಿಸುವುದು. ಇದರಲ್ಲಿ ಸ್ಯಾನ್ ಆಂಟೋನಿಯೊವನ್ನು ಮೀರಿಸಿದವರಿಲ್ಲ. 2008ರಲ್ಲಿ 26ನೇ ಪಿಕ್ ಜಾರ್ಜ್ ಹಿಲ್ ಬಂದ. ಮೂರು ವರ್ಷದಲ್ಲಿ ಎಲ್ಲರೂ ಬಯಸುವ ಗಾರ್ಡ್ ಆದ. 2011ರ ಡ್ರಾಫ್ಟ್ ರಾತ್ರಿ ಅವನನ್ನು ಇಂಡಿಯಾನಾಗೆ ಕಳಿಸಿ 15ನೇ ಪಿಕ್ ಕವಾಯ್ ಲೆನರ್ಡ್‌ನನ್ನು ತಂದರು. 2014ರ ಫೈನಲ್ಸ್ ಎಂವಿಪಿ ಯಾರೆಂದು ಹೇಳಬೇಕಿಲ್ಲವಲ್ಲ. ಡೆನ್ವರ್ ಕೂಡ 2020ರ 24ನೇ ಪಿಕ್ ಆರ್. ಜೆ. ಹ್ಯಾಂಪ್ಟನ್‌ನನ್ನು ಆರು ತಿಂಗಳೂ ಇಟ್ಟುಕೊಳ್ಳದೆ, ಗ್ಯಾರಿ ಹ್ಯಾರಿಸ್ ಮತ್ತು ಮುಂದಿನದೊಂದು ಪಿಕ್ ಜೊತೆ ಸೇರಿಸಿ ಆರನ್ ಗಾರ್ಡನ್‌ನನ್ನು ತಂದಿತು.

ಒಂದು ಕಟ್ಟಳೆ ನೆನಪಿರಲಿ. ಮುಂದಿನ ಎರಡು ಸತತ ವರ್ಷ ಮೊದಲ ರೌಂಡ್ ಪಿಕ್ ಇಲ್ಲದ ಹಾಗೆ ಟ್ರೇಡ್ ಮಾಡುವಂತಿಲ್ಲ. 1980ರ ದಶಕದ ಆರಂಭದಲ್ಲಿ ಸಿಕ್ಕಸಿಕ್ಕವರಿಗೆ ಪಿಕ್ ಹಂಚಿದ ಕ್ಲೀವ್‌ಲ್ಯಾಂಡ್ ಮಾಲೀಕ ಟೆಡ್ ಸ್ಟೆಪಿಯನ್ ಹೆಸರಿನಲ್ಲೇ ಈ ನಿಯಮ ಇದೆ. ಮನುಷ್ಯನ ಹೆಸರು ಉಳಿಯುವುದಕ್ಕೆ ಎಂತೆಂಥ ದಾರಿ!

ಜಾಗವೇ ಇಲ್ಲದಿದ್ದರೆ? ತಂಡದಲ್ಲಿ 15 ಜನ ಭರ್ತಿ ಇದ್ದಾರೆ.

ಪಿಕ್ ಅನ್ನು ಮುಂದೂಡಿ. 2025ರಲ್ಲಿ ಕಪ್ ಗೆದ್ದ ಒಕ್ಲಹೋಮ ಸಿಟಿ ಮೂರೇ ದಿನದ ನಂತರ ನಡೆದ ಡ್ರಾಫ್ಟಿನಲ್ಲಿ ತನ್ನ 24ನೇ ಪಿಕ್ ಅನ್ನು ಸ್ಯಾಕ್ರಮೆಂಟೊಗೆ ಕೊಟ್ಟು ಮುಂದಿನ ಒಂದು ಮೊದಲ ರೌಂಡ್ ಪಿಕ್ ತೆಗೆದುಕೊಂಡಿತು. ಇಲ್ಲವೇ ಸಾಲಿನಲ್ಲಿ ಹಿಂದೆ ಸರಿಯಿರಿ. 2023ರಲ್ಲಿ ಬಾಸ್ಟನ್ 25ರಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ದಾರಿಯುದ್ದಕ್ಕೂ ಎರಡನೇ ರೌಂಡ್ ಪಿಕ್‌ಗಳನ್ನು ಜೇಬಿಗೆ ಹಾಕಿಕೊಳ್ಳುತ್ತಾ 38ಕ್ಕೆ ಬಂದು ನಿಂತಿತ್ತು.

ಎರಡನೇ ರೌಂಡ್ ಪಿಕ್‌ಗೆ ಬೆಲೆ ಇದೆಯಾ?

ಮೊದಲಿಗಿಂತ ಹೆಚ್ಚು. ಅಲ್ಲಿ ಸಂಬಳದ ಖಾತ್ರಿ ಕಡ್ಡಾಯವಲ್ಲ, ತಂಡವೂ ಏಜೆಂಟೂ ಕೂತು ಮಾತಾಡಿಕೊಳ್ಳಬಹುದು. 2023ರಿಂದ ಇವರಿಗೇ ಅಂತ ಮೂರು ನಾಲ್ಕು ವರ್ಷದ ಒಪ್ಪಂದಕ್ಕೆ ಪ್ರತ್ಯೇಕ ಅವಕಾಶವೂ ಬಂದಿದೆ. ಇನ್ನೊಂದು ಸೂಕ್ಷ್ಮ: ನೀವೇ ಡ್ರಾಫ್ಟ್ ಮಾಡಿದ ಹುಡುಗ ಕನಿಷ್ಠ ಸಂಬಳಕ್ಕೆ ಆಡಿದರೆ ತೆರಿಗೆ ಲೆಕ್ಕಕ್ಕೆ ಬರುವುದು ಅವನ ಅಸಲು ಸಂಬಳ, 2024-25ರಲ್ಲಿ ಸುಮಾರು 11.6 ಲಕ್ಷ ಡಾಲರ್. ಅಂಥದೇ ಹೊಸಬನನ್ನು ಡ್ರಾಫ್ಟ್ ಆಗದವರ ಗುಂಪಿನಿಂದ ತಂದರೆ ಸುಮಾರು 20.9 ಲಕ್ಷ ಅಂತಲೇ ಲೆಕ್ಕ. ಗೆರೆಯ ತುದಿಯಲ್ಲಿ ನಿಂತ ತಂಡಕ್ಕೆ ಈ ವ್ಯತ್ಯಾಸ ಸಣ್ಣದಲ್ಲ.

ಗೋಲ್ಡನ್ ಸ್ಟೇಟ್ 2016ರಲ್ಲಿ 24 ಲಕ್ಷ ಡಾಲರ್ ಕೊಟ್ಟು 38ನೇ ಪಿಕ್ ಕೊಂಡು ಪ್ಯಾಟ್ರಿಕ್ ಮೆಕಾವ್‌ನನ್ನು, 2017ರಲ್ಲಿ 35 ಲಕ್ಷ ಕೊಟ್ಟು ಮತ್ತೆ 38ನೇ ಪಿಕ್ ಕೊಂಡು ಜೋರ್ಡನ್ ಬೆಲ್‌ನನ್ನು ತಂದಿತ್ತು. ಸೆಕೆಂಡ್ ಏಪ್ರನ್ ದಾಟಿದವರಿಗೆ ಈಗ ಆ ಬಾಗಿಲು ಮುಚ್ಚಿದೆ.

ಇದರ ಪಕ್ಕದಲ್ಲೇ ಟೂ-ವೇ ಒಪ್ಪಂದ ಇದೆ. ತಂಡಕ್ಕೆ ಮೂರು ಜಾಗ, 15ರ ಲೆಕ್ಕಕ್ಕೆ ಸೇರುವುದಿಲ್ಲ. ಹುಡುಗ ಎನ್‌ಬಿಎಯಲ್ಲಿ 50 ಪಂದ್ಯದವರೆಗೆ ಲಭ್ಯ, ಉಳಿದ ದಿನ ಜಿ ಲೀಗಿನಲ್ಲಿ, ಅಂದರೆ ಎನ್‌ಬಿಎಯದೇ ಕಿರಿಯ ಲೀಗಿನಲ್ಲಿ. ಪ್ಲೇಆಫ್ ಆಡಿಸಬೇಕಾದರೆ ಮಾತ್ರ ಪೂರ್ಣ ಒಪ್ಪಂದ ಕೊಡಬೇಕು. ಲೇಕರ್ಸ್‌ನ ಆಸ್ಟಿನ್ ರೀವ್ಸ್ 2021ರಲ್ಲಿ ಡ್ರಾಫ್ಟ್ ಆಗದೆ ಇದೇ ಬಾಗಿಲಿನಿಂದ ಒಳಗೆ ಬಂದವನು.

ಯೂರೋಪಿನ ಹುಡುಗನನ್ನು ಆರಿಸಿ ಅಲ್ಲೇ ಬಿಡುವುದು?

ದುಡ್ಡಿಲ್ಲದ, ಜಾಗವಿಲ್ಲದ ತಂಡಕ್ಕೆ ಹೇಳಿ ಮಾಡಿಸಿದ ಉಪಾಯ. ಹಕ್ಕು ನಿಮ್ಮದು, ಸಂಬಳ ಅಲ್ಲಿಯ ಕ್ಲಬ್ಬಿನದು. ಜಿನೋಬಿಲಿ 1999ರಲ್ಲಿ ಆಯ್ಕೆಯಾಗಿ 2002ರವರೆಗೆ ಇಟಲಿಯಲ್ಲೇ ಆಡುತ್ತಿದ್ದ. 2007ರ 28ನೇ ಪಿಕ್ ಟಿಯಾಗೊ ಸ್ಪ್ಲಿಟರ್ ಬಂದದ್ದು 2010ರಲ್ಲಿ. ಈಗ ಅಮೆರಿಕದ ಕಾಲೇಜುಗಳೇ ಆಟಗಾರರಿಗೆ ಒಳ್ಳೇ ದುಡ್ಡು ಕೊಡುತ್ತಿರುವುದರಿಂದ ಯೂರೋಪಿನ ಹುಡುಗರೂ ಅತ್ತ ಓಡುತ್ತಿದ್ದಾರೆ. 25ನೇ ಪಿಕ್ ಆಗಬಹುದಾದವನೂ ಇನ್ನೊಂದು ವರ್ಷ ಕಾಲೇಜಿನಲ್ಲೇ ಕೂರುತ್ತಾನೆ. ಎರಡನೇ ರೌಂಡು ತೆಳ್ಳಗಾಗಿದೆ.

ಜಿ ಲೀಗ್ ತಂಡ ಹತ್ತಿರ ಇದ್ದರೆ ಏನು, ದೂರ ಇದ್ದರೆ ಏನು?

ಬಹಳ ವ್ಯತ್ಯಾಸ ಆಗುತ್ತದೆ. ಟೊರಾಂಟೊದವರು 2015ರಲ್ಲಿ ಪಕ್ಕದ ಮಿಸಿಸಾಗಾದಲ್ಲೇ ರ‍್ಯಾಪ್ಟರ್ಸ್ 905 ಕಟ್ಟಿದರು. ಬೆಳಗ್ಗೆ ದೊಡ್ಡ ತಂಡದ ಜೊತೆ ಅಭ್ಯಾಸ, ಸಂಜೆ ಸಣ್ಣ ತಂಡದಲ್ಲಿ ಪಂದ್ಯ, ಹೀಗೆ ಓಡಾಡಬಹುದಾದ ದೂರ. ಸಿಯಾಕಂ ಮೊದಲ ವರ್ಷ ಅಲ್ಲಿ ಆಡಿ 2017ರಲ್ಲಿ ಆ ಲೀಗಿನ ಫೈನಲ್ಸ್ ಎಂವಿಪಿ ಆದ, ಎರಡು ವರ್ಷದ ನಂತರ ಎನ್‌ಬಿಎ ಚಾಂಪಿಯನ್. ಜೋರ್ಡನ್ ಪೂಲ್ ಕೂಡ ಹಾಗೇ. 2019ರ 28ನೇ ಪಿಕ್, ಮೊದಲ ವರ್ಷ ನೋಡಲಾಗುತ್ತಿರಲಿಲ್ಲ, 2021ರ ಆರಂಭದಲ್ಲಿ ಜಿ ಲೀಗಿಗೆ ಹೋಗಿ ಬಂದಮೇಲೆ ಬೇರೆಯೇ ಆಟಗಾರ. ಡೆನ್ವರ್‌ನ ಜಿ ಲೀಗ್ ತಂಡ ಇರುವುದು ಮಿಷಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ, ವಿಮಾನದಲ್ಲಿ ಹೋಗಬೇಕು. ಇನ್ನು ಫೀನಿಕ್ಸ್ (ಮತ್ತೆ ಅವರೇ) ತನ್ನ ಜಿ ಲೀಗ್ ತಂಡವನ್ನೇ 2020ರಲ್ಲಿ ಡೆಟ್ರಾಯಿಟ್‌ಗೆ ಮಾರಿ, 2024ರಲ್ಲಿ ಹೊಸದನ್ನು ಕಟ್ಟಿತು. ನಡುವಿನ ನಾಲ್ಕು ವರ್ಷ ಅವರ ಹುಡುಗರಿಗೆ ತಮ್ಮದೇ ಅಂತ ಒಂದು ಅಂಗಳ ಇರಲಿಲ್ಲ.

ಆಫೀಸು ಹುಡುಗನನ್ನು ತಂದಿತು, ಕೋಚ್ ಆಡಿಸುತ್ತಿಲ್ಲ. ತಪ್ಪು ಯಾರದು?

2023ರಲ್ಲಿ ಕಪ್ ಗೆದ್ದ ಡೆನ್ವರ್‌ಗೆ ಆದದ್ದು ಇದೇ. ಬ್ರೂಸ್ ಬ್ರೌನ್ ಹೆಚ್ಚು ಸಂಬಳಕ್ಕೆ ಇಂಡಿಯಾನಾಗೆ ಹೋದ, ಮರುವರ್ಷ ಕೆಂಟೇವಿಯಸ್ ಕಾಲ್ಡ್‌ವೆಲ್-ಪೋಪ್ ಒರ್ಲ್ಯಾಂಡೊಗೆ. ಜನರಲ್ ಮ್ಯಾನೇಜರ್ ಕ್ಯಾಲ್ವಿನ್ ಬೂತ್ ಆ ಜಾಗಗಳನ್ನು ಡ್ರಾಫ್ಟಿನ ಹುಡುಗರಿಂದಲೇ ತುಂಬುವ ಲೆಕ್ಕ ಹಾಕಿದ್ದರು. 2023ರಲ್ಲಿ 29, 32, 37, ಮೂರು ಪಿಕ್. 2024ರಲ್ಲಿ 22ಕ್ಕೆ ಮೇಲೇರಿ ಡರಾನ್ ಹೋಮ್ಸ್. ಹೋಮ್ಸ್ ಸಮ್ಮರ್ ಲೀಗಿನ ಮೊದಲ ಪಂದ್ಯದಲ್ಲೇ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡ. ಕೋಚ್ ಮೈಕೆಲ್ ಮಲೋನ್‌ಗೆ ಹಳಬರ ಮೇಲೆಯೇ ಭರವಸೆ. ಇಬ್ಬರ ನಡುವೆ ಸರಿಯಿಲ್ಲ ಅನ್ನುವುದು ಎಲ್ಲ ಕಡೆ ವರದಿಯಾಯಿತು. 2025ರ ಏಪ್ರಿಲ್ 8ರಂದು, ಲೀಗ್ ಪಂದ್ಯ ಇನ್ನು ಮೂರೇ ಇರುವಾಗ, ಇಬ್ಬರನ್ನೂ ಒಟ್ಟಿಗೆ ಮನೆಗೆ ಕಳಿಸಿದರು.

ನನಗನ್ನಿಸುವುದು, ಬೂತ್ ಲೆಕ್ಕದ ಅರ್ಧ ಸರಿ ಇತ್ತು. ಕ್ರಿಶ್ಚಿಯನ್ ಬ್ರೌನ್ ಮತ್ತು 30ನೇ ಪಿಕ್ ಪೇಟನ್ ವಾಟ್ಸನ್ ಆಟಗಾರರಾದರು. ತಪ್ಪಿದ್ದು ಪ್ರಮಾಣದಲ್ಲಿ. ಒಂದು ಸೀಸನ್‌ಗೆ ಒಬ್ಬ ಹುಡುಗನನ್ನು ಪಳಗಿಸಬಹುದು, ಇಬ್ಬರು ಅಂದರೆ ಸಾಹಸ. ಬೆಂಚಿನ ತುಂಬಾ ಕಲಿಯುವವರನ್ನೇ ಕೂರಿಸಿ ಯೋಕಿಚ್‌ನಂಥವನ ಒಳ್ಳೆಯ ವರ್ಷಗಳನ್ನು ಕಾಯಿಸಬಾರದು. ಬಟ್ಲರ್ ಕೂಡ ಶಿಕಾಗೊದಲ್ಲಿ ಮೊದಲ ವರ್ಷ ಪಂದ್ಯಕ್ಕೆ ಒಂಬತ್ತು ನಿಮಿಷವೂ ಆಡಿರಲಿಲ್ಲ. ಎರಡನೇ ವರ್ಷದ ಪ್ಲೇಆಫ್ ಬರುವಷ್ಟರಲ್ಲಿ ಕೆಲವು ಪಂದ್ಯ 48ಕ್ಕೆ 48 ನಿಮಿಷ ಆಡಿದ.

"ಒಂದು ಕಾಲು ಈಗಿನಲ್ಲಿ, ಒಂದು ಕಾಲು ನಾಳೆಯಲ್ಲಿ" ಅನ್ನುವ ಗೋಲ್ಡನ್ ಸ್ಟೇಟ್ ಪ್ಲಾನ್ ಏನಾಯ್ತು?

ಇದನ್ನು ಕೇಳುವವರು ಫ್ರೀಮಾಂಟ್‌ನಲ್ಲಿರುವ ನಮ್ಮ ಭಾವ, ಪ್ರತಿ ಸಲ. ಭಾವ, ಅದು ಲೇಟ್ ಪಿಕ್ ಕಥೆ ಅಲ್ಲ. ನಾಳೆಗೆ ಅಂತ ತಂದ ಹುಡುಗರಲ್ಲಿ ವೈಸ್‌ಮನ್ 2ನೇ ಪಿಕ್, ಕುಮಿಂಗಾ 7ನೇ ಪಿಕ್. 2022ರ ಕಪ್ಪಿಗೆ ಅವರಿಗಿಂತ ಹೆಚ್ಚು ಬೆವರು ಹರಿಸಿದ್ದು 28ನೇ ಪಿಕ್ ಪೂಲ್ ಮತ್ತು 30ನೇ ಪಿಕ್ ಲೂನಿ. ಇದನ್ನು ಮುಂದಿನ ಸಲ ಫೋನಿನಲ್ಲಿ ಕೇಳಬೇಡಿ.

ನಾಲ್ಕು ವರ್ಷ ಮುಗಿದಮೇಲೆ?

ಅಲ್ಲಿ ಇನ್ನೊಂದು ಪರೀಕ್ಷೆ. ಬಾಸ್ಟನ್ 2023ರ ಅಕ್ಟೋಬರ್‌ನಲ್ಲಿ, ಪ್ರಿಚರ್ಡ್ ಇನ್ನೂ ಬೆಂಚಿನ ತುದಿಯಲ್ಲಿದ್ದಾಗಲೇ, ನಾಲ್ಕು ವರ್ಷಕ್ಕೆ 3 ಕೋಟಿ ಡಾಲರ್ ಬರೆಸಿಕೊಂಡಿತು. ಈಗ ನೋಡಿದರೆ ಕಳ್ಳಮಾಲಿನ ಬೆಲೆ. ಡೆನ್ವರ್ ಕ್ರಿಶ್ಚಿಯನ್ ಬ್ರೌನ್‌ಗೆ 2025ರಲ್ಲಿ ಐದು ವರ್ಷಕ್ಕೆ 12.5 ಕೋಟಿ ಕೊಡಬೇಕಾಯಿತು. ಹುಡುಗ ನಿಮ್ಮ ಸ್ಟಾರ್ ಪಕ್ಕದಲ್ಲಿ ಮಾತ್ರ ಮಿಂಚುವವನೋ, ಎಲ್ಲಿ ಬಿಟ್ಟರೂ ಆಡುವವನೋ ಅಂತ ಮೂರನೇ ವರ್ಷದೊಳಗೆ ತಿಳಿದುಕೊಳ್ಳಬೇಕು. ಉತ್ತರ ಇಷ್ಟವಾಗದಿದ್ದರೆ ಜಾರ್ಜ್ ಹಿಲ್ ದಾರಿ ಇದೆ.

ನಮ್ಮ ದೇಶದವರು ಯಾರಾದರೂ ಡ್ರಾಫ್ಟ್ ಆಗಿದ್ದಾರಾ?

ಒಬ್ಬ. ಪಂಜಾಬಿನ ಬಲ್ಲೋ ಕೇ ಹಳ್ಳಿಯ ಸತ್ನಾಮ್ ಸಿಂಗ್, ಏಳಡಿ ಎರಡಿಂಚು, 2015ರಲ್ಲಿ 52ನೇ ಪಿಕ್. ಆರಿಸಿದ್ದು 50 ಪಂದ್ಯ ಗೆದ್ದಿದ್ದ ಡಲ್ಲಾಸ್. ಅದೂ ಒಂದು ಲೇಟ್ ಪಿಕ್ ಪಣವೇ. ಅವರ ಜಿ ಲೀಗ್ ತಂಡದಲ್ಲಿ ಆಡಿದ, ಎನ್‌ಬಿಎ ಪಂದ್ಯ ಮಾತ್ರ ಸಿಗಲಿಲ್ಲ.

ಇಲ್ಲಿಂದ ನೋಡಬೇಕಾದರೆ ಎಷ್ಟು ಹೊತ್ತಿಗೆ ಏಳಬೇಕು?

ನಮ್ಮಲ್ಲಿ ಬೆಳಗಿನ ಜಾವ 5.30ಕ್ಕೆ ಶುರು. ಮೊದಲ ರೌಂಡಿನಲ್ಲಿ ಒಂದೊಂದು ಪಿಕ್‌ಗೂ ಐದು ನಿಮಿಷ, ನಡುವೆ ಜಾಹೀರಾತು, ಅಪ್ಪ ಅಮ್ಮನ ಕಣ್ಣೀರು. 25ರ ಆಚೆಗಿನ ಪಿಕ್‌ಗಳು ಬರುವುದು ಬೆಂಗಳೂರಿನಲ್ಲಿ ಜನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಿರುವ ಹೊತ್ತಿಗೆ. 2024ರಿಂದ ಎರಡನೇ ರೌಂಡು ಮಾರನೇ ದಿನ ನಡೆಯುತ್ತದೆ, ಅದಕ್ಕೆ ಇನ್ನೊಂದು ದಿನ ರಜೆ ಹಾಕುವುದು ನಿಮಗೆ ಬಿಟ್ಟದ್ದು. ನಾನು ಹಾಕಿದ್ದೇನೆ.